ಕನ್ನಡ ಮೀಡಿಯಂನಲ್ಲಿ ಓದಿದ್ದಕ್ಕೇ ಇಂಗ್ಲಿಷ್ ಸ್ಪೆಲಿಂಗ್ ತಪ್ಪುತ್ತದೆಯೇ?

ಪ್ರಶ್ನೆ: ನಾನು ಮತ್ತು ನಮ್ಮ ಯಜಮಾನರು ತುಮಕೂರಿನಲ್ಲಿ ಡಿಟಿಪಿ ಮತ್ತು ಪ್ರಿಂಟಿಂಗ್ ಅಂಗಡಿ ನಡೆಸುತ್ತಿದ್ದೇವೆ. ಲಗ್ನಪತ್ರಿಕೆ, ಬಿಲ್ ಬುಕ್, ಲೆಟರ್‌ಹೆಡ್, ಫ್ಲೆಕ್ಸ್, ಶಾಲೆಗಳ ಪ್ರಶ್ನೆಪತ್ರಿಕೆ ಎಲ್ಲ ಮಾಡುತ್ತೇವೆ. ಟೈಪ್ ಮಾಡುವುದು, ಪ್ರೂಫ್ ನೋಡುವುದು ನನ್ನ ಕೆಲಸ. ನಾನು ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು, ಆಮೇಲೆ ಬಿ.ಕಾಂ. ಮಾಡಿದೆ. ಕನ್ನಡದಲ್ಲಿ ತಪ್ಪು ಕಡಿಮೆ. ಇಂಗ್ಲಿಷ್ ಬಂದರೆ ಕೈ ನಡುಗುತ್ತದೆ. ಹೋದ ಮದುವೆ ಸೀಸನ್‌ನಲ್ಲಿ ಒಂದು ಕಾರ್ಡಿನ ಕೊನೆಯ ಸಾಲಿನಲ್ಲಿ, ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್’ ಅನ್ನುವಲ್ಲಿ ಐ ಬರುವ ಕಡೆ ಇ ಹಾಕಿಬಿಟ್ಟಿದ್ದೆ. ಐನೂರು ಕಾರ್ಡು ಅಚ್ಚಾದ ಮೇಲೆ ಹುಡುಗನ ಕಡೆಯವರು ಕಂಡುಹಿಡಿದರು. ನಮ್ಮ ಖರ್ಚಿನಲ್ಲೇ ಮತ್ತೆ ಹಾಕಿಕೊಟ್ಟೆವು. ಕಂಪ್ಯೂಟರ್ ಆ ಪದಕ್ಕೆ ಕೆಂಪು ಗೆರೆಯನ್ನೇ ಹಾಕಿರಲಿಲ್ಲ. ‘ಕನ್ನಡ ಮೀಡಿಯಂನವರ ಹಣೆಬರಹವೇ ಇಷ್ಟು’ ಎಂದು ಒಬ್ಬರು ಮುಖಕ್ಕೇ ಹೇಳಿದರು. ಇಂಗ್ಲಿಷ್ ಸ್ಪೆಲಿಂಗ್‌ಗೆ ನಿಯಮ ಅನ್ನುವುದೇ ಇಲ್ಲವೇ? ಡಿಕ್ಷನರಿ ಬಾಯಿಪಾಠ ಮಾಡಬೇಕೇ? ಆ್ಯಪ್‌ಗಳನ್ನು ನಂಬಬಹುದೇ? ಅಥವಾ ಇಂಗ್ಲಿಷ್ ಕೆಲಸವನ್ನೇ ಬಿಟ್ಟುಬಿಡಲೇ?
— ಓದುಗರೊಬ್ಬರು, ತುಮಕೂರು

ಉತ್ತರ: ಬಿಡಬೇಡಿ. ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪತ್ರ ಓದುವಾಗ ನೀವು ಅರ್ಧ ಮನಸ್ಸಿನಲ್ಲಿ ಬಿಟ್ಟೇಬಿಟ್ಟಿದ್ದೀರಿ ಅನ್ನಿಸಿತು. ಅಚ್ಚುಮೊಳೆ ಜೋಡಿಸುವ ಕಾಲದಿಂದ ಪ್ರೆಸ್ಸುಗಳಲ್ಲಿ ಎರಡೂ ಭಾಷೆಯ ಪ್ರೂಫ್ ನೋಡಿಕೊಂಡು ಬಂದವನು ನಾನು. ನೀವು ಹೇಳಿರುವ ತಪ್ಪನ್ನು ಡಾಕ್ಟರು, ಲಾಯರು, ಕಾನ್ವೆಂಟಿನಲ್ಲಿ ಓದಿದವರು ಬರೆದುಕೊಟ್ಟ ಮ್ಯಾಟರ್‌ನಲ್ಲೂ ಎಷ್ಟೋ ಸಲ ತಿದ್ದಿದ್ದೇನೆ. ಐ ಇರುವುದೊಂದು, ಇ ಇರುವುದೊಂದು, ಹೀಗೆ ಎರಡು ಬೇರೆ ಪದಗಳಿವೆ; ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರೂ ಅವನ್ನು ಅದಲುಬದಲು ಮಾಡುತ್ತಾರೆ. ಎರಡರ ಉಚ್ಚಾರ ಒಂದೇ. ಕಿವಿ ಎಷ್ಟು ಚುರುಕಾಗಿದ್ದರೂ ಅಲ್ಲಿ ಪ್ರಯೋಜನವಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಟ್ಟಿಗೆ ಸೇರಿಕೊಂಡಿವೆ. ಒಂದು, ಸರಿಯಾದ ಸ್ಪೆಲಿಂಗ್ ಗೊತ್ತಿಲ್ಲದೆ ಇರುವುದು. ಇನ್ನೊಂದು, ಗೊತ್ತಿದ್ದರೂ ಕಣ್ಣಿಗೆ ಬೀಳದೆ ಇರುವುದು. ಮೊದಲನೆಯದಕ್ಕೆ ಕಲಿಕೆ ಬೇಕು, ಎರಡನೆಯದಕ್ಕೆ ಕ್ರಮ ಬೇಕು. ಇಂಗ್ಲಿಷ್ ಚೆನ್ನಾಗಿ ಬರುವವರೆಲ್ಲ ಒಳ್ಳೆಯ ಪ್ರೂಫ್ ರೀಡರ್‌ಗಳಲ್ಲ. ಅರ್ಥದ ಜಾಡು ಹಿಡಿದು ವೇಗವಾಗಿ ಓದುವವರಿಗೆ ತಪ್ಪು ಕಾಣುವುದೇ ಕಷ್ಟ. ನಿಧಾನವಾಗಿ ಅಕ್ಷರ ಅಕ್ಷರ ನೋಡುವ ನಿಮ್ಮಂಥವರಿಗೆ ಈ ಕೆಲಸದಲ್ಲಿ ಒಂದು ಅನುಕೂಲವೇ ಇದೆ.

ಇನ್ನು ‘ಕನ್ನಡ ಮೀಡಿಯಂನವರ ಹಣೆಬರಹ’ ಅಂದರಲ್ಲ, ಅದರಲ್ಲಿ ನಿಜ ಎಷ್ಟು ಅಂತ ನೋಡೋಣ. ಸ್ವಲ್ಪ ಇದೆ. ಅದು ಬುದ್ಧಿಯ ವಿಷಯವಲ್ಲ, ಕಿವಿಯ ಅಭ್ಯಾಸದ ವಿಷಯ. ಕನ್ನಡದಲ್ಲಿ ‘ವ’ ಒಂದೇ. ಇಂಗ್ಲಿಷಿನಲ್ಲಿ ವಿ ಬೇರೆ, ಡಬ್ಲ್ಯೂ ಬೇರೆ. ಹಾಗಾಗಿ ದಿಕ್ಕು ಹೇಳುವ ‘ವೆಸ್ಟ್’, ಬನಿಯನ್ ಅನ್ನುವ ಅರ್ಥದ ‘ವೆಸ್ಟ್’, ಎರಡೂ ನಮ್ಮ ಕಿವಿಗೆ ಒಂದೇ. ವಿಳಾಸ ಟೈಪ್ ಮಾಡುವಾಗ ‘ವೆಸ್ಟ್’ ಬಂದರೆ ಕೈ ಒಂದು ಕ್ಷಣ ನಿಲ್ಲಲಿ.

ಒತ್ತಕ್ಷರದ್ದು ಇನ್ನೂ ದೊಡ್ಡ ಕಥೆ. ನಮ್ಮಲ್ಲಿ ಒತ್ತು ಇದ್ದರೆ ಬಾಯಲ್ಲಿ ಒತ್ತಿಯೇ ಹೇಳುತ್ತೇವೆ. ‘ಹತ್ತು’ ಅನ್ನುವುದನ್ನು ಒತ್ತಿಲ್ಲದೆ ಹೇಳಿ ನೋಡಿ, ಪದವೇ ಉಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಎರಡು ಅಕ್ಷರ ಜೋಡಿಯಾಗಿ ನಿಂತರೂ ಬಾಯಲ್ಲಿ ಒಂದೇ ಸಲ ಬರುತ್ತದೆ. ಕಾಲೇಜುಗಳ ಸುತ್ತಮುತ್ತ ‘ಪಿಜಿ ಅಕಾಮಡೇಷನ್’ ಬೋರ್ಡು ನೋಡಿರುತ್ತೀರಿ. ಆ ಪದದಲ್ಲಿ ಸಿ ಎರಡು, ಎಂ ಎರಡು. ಕೇಳುವಾಗ ಒಂದೂ ಒತ್ತಿಲ್ಲ. ಒತ್ತು ಕೇಳಿಸದ ಕಡೆ ಒಂದೇ ಅಕ್ಷರ ಹಾಕುವುದು ಕನ್ನಡದ ಕೈಗೆ ಸಹಜ. ಸಾಮಾನ್ಯವಾಗಿ ಒಂದು ಎಂ ಬಿದ್ದುಹೋಗಿರುತ್ತದೆ, ಕೆಲವು ಕಡೆ ಸಿ ಕೂಡ.

ಆದರೆ ‘ಕನ್ನಡದಲ್ಲಿ ಕೇಳಿದ ಹಾಗೆ ಬರೆದರೆ ಸಾಕು, ಇಂಗ್ಲಿಷಿನಲ್ಲಿ ಮಾತ್ರ ಈ ಗೋಳು’ ಅನ್ನುವುದು ಪೂರ್ತಿ ಸರಿಯಲ್ಲ. ‘ವಿಶೇಷ’ ಬರೆಯಿರಿ. ಮೊದಲನೆಯದು ಶ, ಎರಡನೆಯದು ಷ. ನಮ್ಮ ದಿನನಿತ್ಯದ ಮಾತಿನಲ್ಲಿ ಇವೆರಡರ ನಡುವೆ ಎಷ್ಟು ವ್ಯತ್ಯಾಸ ಕೇಳುತ್ತದೆ ಹೇಳಿ? ಆದರೂ ನೀವು ತಪ್ಪಿಲ್ಲದೆ ಬರೆಯುತ್ತೀರಿ. ಕಿವಿ ಹೇಳಿಕೊಟ್ಟದ್ದಲ್ಲ ಅದು, ಕಣ್ಣು ಕಲಿತದ್ದು. ಸಾವಿರ ಸಲ ನೋಡಿ ನೋಡಿ ಆ ಪದದ ರೂಪ ಮನಸ್ಸಿನಲ್ಲಿ ಕೂತಿದೆ. ಅದೇ ಕಣ್ಣನ್ನು ಇಂಗ್ಲಿಷಿಗೂ ಬಳಸಬೇಕು, ಅಷ್ಟೇ. ನಿಮಗೆ ಹೊಸದಾಗಿ ಬೇಕಾಗಿರುವ ಶಕ್ತಿ ಯಾವುದೂ ಇಲ್ಲ.

ಹಾಗಾದರೆ ಇಂಗ್ಲಿಷ್ ಹೀಗೇಕೆ? ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾರಣ ಗೊತ್ತಾದರೆ ಭಯ ಅರ್ಧ ಕಡಿಮೆಯಾಗುತ್ತದೆ.

ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದವರು ವಿಲಿಯಂ ಕ್ಯಾಕ್ಸ್‌ಟನ್. 1476ರಲ್ಲಿ ಲಂಡನ್ ಪಕ್ಕದ ವೆಸ್ಟ್‌ಮಿನ್ಸ್ಟರ್‌ನಲ್ಲಿ ಪ್ರೆಸ್ ಹಾಕಿದರು. ಅಲ್ಲಿಯವರೆಗೆ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಿದ್ದ ಪದಗಳು ಅಚ್ಚಿನಿಂದಾಗಿ ನಿಧಾನವಾಗಿ ಒಂದು ರೂಪಕ್ಕೆ ಬರತೊಡಗಿದವು. ತೊಂದರೆ ಏನಾಯಿತು ಅಂದರೆ, ಸರಿಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ಸ್ವರಗಳ ಉಚ್ಚಾರವೇ ದೊಡ್ಡದಾಗಿ ಬದಲಾಯಿತು. ಬಾಯಿ ಮುಂದೆ ಹೋಯಿತು, ಅಕ್ಷರ ಇದ್ದಲ್ಲೇ ಇತ್ತು. ಟಾಕೀಸು ಕೆಡವಿ ವರ್ಷಗಳಾದರೂ ಬಸ್ ಸ್ಟಾಪಿಗೆ ಆ ಟಾಕೀಸಿನ ಹೆಸರೇ ಉಳಿದಿರುತ್ತದಲ್ಲ, ಹಾಗೆ. ‘ನೈಫ್’ ಪದದ ಮೊದಲ ಕೆ ಸುಮ್ನೆ ಅಲಂಕಾರಕ್ಕೆ ಬಂದದ್ದಲ್ಲ, ಒಂದು ಕಾಲದಲ್ಲಿ ಜನ ಅದನ್ನು ‘ಕ್ನ’ ಎಂದೇ ಹೇಳುತ್ತಿದ್ದರು. ‘ನೈಟ್’ ಪದದ ನಡುವಿನ ಜಿ-ಎಚ್‌ಗೂ ಗಂಟಲಿನಿಂದ ಬರುವ ಒಂದು ಸದ್ದು ಇತ್ತು. ಸದ್ದು ಹೋಯಿತು, ಅಕ್ಷರ ಉಳಿಯಿತು.

ಇದರ ಮೇಲೆ ಪಂಡಿತರು ಬೇರೆ ಕೈ ಹಾಕಿದರು. ನೀವು ದಿನಾ ಅಚ್ಚು ಹಾಕುವ ಪದವನ್ನೇ ತೆಗೆದುಕೊಳ್ಳಿ: ‘ರಿಸೀಟ್’, ರಶೀದಿ. ಆರ್-ಇ-ಸಿ-ಇ-ಐ-ಪಿ-ಟಿ. ಆ ಪಿ ಎಲ್ಲಿಂದ ಬಂತು? ಇಂಗ್ಲಿಷಿಗೆ ಈ ಪದ ಫ್ರೆಂಚ್ ದಾರಿಯಲ್ಲಿ ಬಂದಾಗ ಪಿ ಇರಲಿಲ್ಲ. ಮೂಲ ಲ್ಯಾಟಿನ್‌ನಲ್ಲಿ ಪಿ ಇತ್ತು ಅಂತ ಓದಿದವರು ಆಮೇಲೆ ಅದನ್ನು ತಂದು ಸೇರಿಸಿದರು. ಬಾಯಲ್ಲಿ ಯಾರೂ ಹೇಳಲಿಲ್ಲ. ಸಾಲ ಅನ್ನುವ ಅರ್ಥದ ‘ಡೆಟ್’ ಪದದ ಬಿ ಕೂಡ ಹೀಗೇ ಬಂದದ್ದು, ‘ಡೌಟ್’ ಪದದ ಬಿ ಕೂಡ. ‘ರಿಸೀಟ್’ಗೆ ಪಿ ಸೇರಿಸಿದವರು ಅದೇ ಬಳಗದ ‘ಡಿಸೀಟ್’ಗೆ, ಅಂದರೆ ಮೋಸ ಅನ್ನುವ ಪದಕ್ಕೆ, ಸೇರಿಸದೆ ಬಿಟ್ಟರು. ಅಲ್ಲಿ ಪಿ ಇಲ್ಲ. ನಡುಗಡ್ಡೆಗೆ ಹೇಳುವ ‘ಐಲ್ಯಾಂಡ್’ನಲ್ಲಿರುವ ಎಸ್ ಅಂತೂ ಪೂರಾ ತಪ್ಪು ತಿಳಿವಳಿಕೆಯ ಫಲ. ಅದು ಅಚ್ಚ ಹಳೆಯ ಇಂಗ್ಲಿಷ್ ಪದ, ಎಸ್ ಇರಲೇ ಇಲ್ಲ. ಫ್ರೆಂಚಿನಿಂದ ಬಂದ ‘ಐಲ್’ ಪದದ ಸಂಬಂಧಿ ಅಂದುಕೊಂಡು ಯಾರೋ ಎಸ್ ತೂರಿಸಿದರು, ಅದೇ ನಿಂತಿತು.

1755ರಲ್ಲಿ ಸ್ಯಾಮ್ಯುಯಲ್ ಜಾನ್ಸನ್ನರ ದೊಡ್ಡ ನಿಘಂಟು ಬಂತು. ಆ ಹೊತ್ತಿಗೆ ನಿಂತಿದ್ದ ರೂಪಗಳಿಗೆ ಅದರಿಂದ ಇನ್ನಷ್ಟು ಗಟ್ಟಿ ಮುದ್ರೆ ಬಿತ್ತು. ಅಮೆರಿಕದಲ್ಲಿ ನೋವಾ ವೆಬ್‌ಸ್ಟರ್ 1828ರ ನಿಘಂಟಿನಲ್ಲಿ ಕೆಲವನ್ನು ಸರಳ ಮಾಡಿದರು. ‘ಕಲರ್’ನಿಂದ ಯು ತೆಗೆದರು, ‘ಸೆಂಟರ್’ನಲ್ಲಿ ಆರ್-ಇ ಇದ್ದದ್ದನ್ನು ಇ-ಆರ್ ಮಾಡಿದರು. ನಮ್ಮ ಶಾಲೆ, ಕೋರ್ಟು, ಸರ್ಕಾರದ ಕಾಗದಗಳೆಲ್ಲ ಬ್ರಿಟಿಷ್ ರೂಪದಲ್ಲೇ ಇವೆ. ನೀವೂ ಅದನ್ನೇ ಇಟ್ಟುಕೊಳ್ಳಿ. ಆಭರಣದಂಗಡಿಯ ಬೋರ್ಡಿನ ‘ಜ್ಯುವೆಲರಿ’, ಬ್ಯಾಂಕಿನ ‘ಚೆಕ್’, ಸಮಾರಂಭದ ‘ಪ್ರೋಗ್ರಾಂ’ ಮೂರಕ್ಕೂ ಬ್ರಿಟಿಷ್ ರೂಪ ಬೇರೆಯೇ ಇದೆ. ಒಂದೇ ಕಾಗದದಲ್ಲಿ ಎರಡೂ ಬೆರೆಯದಿದ್ದರೆ ಸಾಕು.

ಈಗ ನಿಯಮದ ಮಾತು. ‘ಇಂಗ್ಲಿಷಿಗೆ ನಿಯಮವೇ ಇಲ್ಲ’ ಅನ್ನುವುದು ಜನ ಬೇಸರದಲ್ಲಿ ಹೇಳುವ ಮಾತು. ನಿಯಮಗಳಿವೆ. ಆದರೆ ಸದ್ದಿಗಿಂತ ಜಾಸ್ತಿ ಅವು ಪದದ ಸಂಬಂಧಿಕರನ್ನು ನೋಡುತ್ತವೆ. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ತಿಳಿವಳಿಕೆ ಇದೇ. ‘ಸೈನ್’ ಪದದಲ್ಲಿ ಜಿ ಕೇಳಿಸುವುದಿಲ್ಲ. ‘ಸಿಗ್ನೇಚರ್’ ಅನ್ನಿ, ಕೇಳಿಸುತ್ತದೆ. ಎರಡೂ ಒಂದೇ ಮನೆಯವು, ಆದ್ದರಿಂದ ಜಿ ಎರಡರಲ್ಲೂ ಇದೆ. ‘ಡೆಫಿನೆಟ್’ ಎಂದು ನಾವು ಹೇಳುವ ಪದದ ಕೊನೆಯಲ್ಲಿ ಎ ಹಾಕಬೇಕೋ ಐ ಹಾಕಬೇಕೋ ಅನುಮಾನ ಬಂದರೆ ‘ಡೆಫಿನಿಷನ್’ ನೆನಪಿಸಿಕೊಳ್ಳಿ, ಐ ತಾನಾಗಿ ಬರುತ್ತದೆ. ‘ಗ್ರಾಮರ್’ ಕೊನೆಗೆ ಇ-ಆರ್ ಅಲ್ಲ, ಎ-ಆರ್. ‘ಗ್ರಾಮ್ಯಾಟಿಕಲ್’ ಅಂದಾಗ ಆ ಎ ಎದ್ದು ಕೇಳಿಸುತ್ತದೆ. ‘ಮೆಡಿಸಿನ್’ ಪದದಲ್ಲಿ ಎಸ್ ಅಲ್ಲ ಸಿ, ಯಾಕೆಂದರೆ ‘ಮೆಡಿಕಲ್’ನಲ್ಲಿ ಸಿ ಇದೆ. ಮೆಡಿಕಲ್ ಸ್ಟೋರ್ ಬೋರ್ಡು ಮಾಡುವವರಿಗೆ ಇದಕ್ಕಿಂತ ಸುಲಭದ ಗುರುತು ಬೇಡ.

ಕೆಲವು ಕಡೆ ಕನ್ನಡವೇ ಕೈ ಹಿಡಿಯುತ್ತದೆ. ‘ಸೆಪರೇಟ್’ ಪದದ ನಡುವೆ ಇ ಹಾಕುವವರು ಬಹಳ, ಇಂಗ್ಲಿಷ್ ಮಾತಾಡುವವರೂ ಹಾಕುತ್ತಾರೆ. ಅವರ ಬಾಯಲ್ಲಿ ಆ ಸ್ವರ ಸವೆದುಹೋಗಿದೆ. ನೀವು ಕನ್ನಡದಲ್ಲಿ ಬರೆದು ನೋಡಿ: ಸೆ, ಪ, ರೇಟ್. ‘ಪ’ದಲ್ಲಿ ಅಕಾರ ಇದೆ. ಅದೇ ಎ.

ಅಕ್ಷರ ಎರಡಾಗುವುದಕ್ಕೂ ಒಂದು ನಿಯಮವಿದೆ. ಸಂಭವಿಸು ಅನ್ನುವ ಅರ್ಥದ ‘ಅಕರ್’ ಹೇಳುವಾಗ ಪದದ ಕೊನೆಯ ಭಾಗಕ್ಕೆ ಒತ್ತು, ಅಂದರೆ ದನಿಯ ಬಲ, ಕೊಟ್ಟು ಹೇಳುತ್ತೇವೆ, ಹಾಗಾಗಿ ‘ಅಕರ್ಡ್’ ಆದಾಗ ಆರ್ ಎರಡಾಗುತ್ತದೆ. ‘ಆಫರ್’ ಅನ್ನುವಾಗ ಮೊದಲ ಭಾಗಕ್ಕೆ ಒತ್ತು, ಹಾಗಾಗಿ ‘ಆಫರ್ಡ್’ನಲ್ಲಿ ಆರ್ ಒಂದೇ. ಎಲ್ ಅಕ್ಷರದ ವಿಷಯದಲ್ಲಿ ಬ್ರಿಟಿಷರು ಈ ನಿಯಮ ಮೀರುತ್ತಾರೆ. ‘ಟ್ರಾವೆಲಿಂಗ್’ಗೆ ಎರಡು ಎಲ್ ಹಾಕುತ್ತಾರೆ, ಅಮೆರಿಕದವರು ಒಂದೇ ಹಾಕುತ್ತಾರೆ. ಶಾಲೆಯಲ್ಲಿ ಹೇಳಿಕೊಟ್ಟ ‘ಐ ಮೊದಲು, ಇ ಆಮೇಲೆ, ಸಿ ನಂತರ ಮಾತ್ರ ಉಲ್ಟಾ’ ಅನ್ನುವ ಸೂತ್ರ ‘ಈ’ ಅಂತ ಸದ್ದು ಬರುವ ಕಡೆ ಬಹುಮಟ್ಟಿಗೆ ಸರಿಹೋಗುತ್ತದೆ. ರಿಸೀವ್, ರಿಸೀಟ್, ಸೀಲಿಂಗ್ ಎಲ್ಲ ಅದರ ಪ್ರಕಾರವೇ. ‘ಸೀಜ್’, ‘ಪ್ರೋಟೀನ್’ ಅದಕ್ಕೆ ಸಿಗುವುದಿಲ್ಲ. ಅದನ್ನು ಅರ್ಧ ನಿಯಮ ಅಂತ ಇಟ್ಟುಕೊಳ್ಳಿ.

ಡಿಕ್ಷನರಿ ಬಾಯಿಪಾಠ ಬೇಡವೇ ಬೇಡ. ಒಬ್ಬೊಬ್ಬರ ಕೈ ತಪ್ಪುವುದು ಕೆಲವೇ ಪದಗಳಲ್ಲಿ, ಅವೇ ಮತ್ತೆ ಮತ್ತೆ. ನಿಮ್ಮ ಕೈ ಎಲ್ಲಿ ತಪ್ಪುತ್ತದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸರಿಯಾದ ರೂಪ ಮಾತ್ರ ಬರೆಯಿರಿ. ತಪ್ಪು ರೂಪವನ್ನು ಪಕ್ಕದಲ್ಲಿ ಬರೆದಿಟ್ಟರೆ ಕಣ್ಣು ಅದನ್ನೂ ಕಲಿತುಬಿಡುತ್ತದೆ.

ನಿಮ್ಮ ಅಂಗಡಿಯ ಕೆಲಸದಲ್ಲೇ ಓಡಾಡುವ ಜೋಡಿ ಪದಗಳನ್ನು ನೋಡೋಣ. ಲಗ್ನಪತ್ರಿಕೆಯ ‘ಕಾಂಪ್ಲಿಮೆಂಟ್ಸ್’ ಶುಭ ಹಾರೈಕೆ, ಅದಕ್ಕೆ ಐ. ಇನ್ನೊಂದು, ಇ ಇರುವುದು, ಪೂರ್ಣಗೊಳಿಸುವಂಥದ್ದು. ಅದು ‘ಕಂಪ್ಲೀಟ್’ನ ನಂಟ, ‘ಕಂಪ್ಲೀಟ್’ನಲ್ಲೂ ಎಲ್ ಆದ ಮೇಲೆ ಇ ಇದೆ. ಎರಡೂ ಹುಟ್ಟಿದ್ದು ಒಂದೇ ಲ್ಯಾಟಿನ್ ಮೂಲದಿಂದ, ಗೊಂದಲ ಆಗುವುದು ಸಹಜವೇ. ಅದೇ ಕಾರ್ಡಿನಲ್ಲಿ ‘ಪ್ರೆಸೆನ್ಸ್’ ಬರುತ್ತದೆ. ತಮ್ಮ ಉಪಸ್ಥಿತಿ ಕೋರುತ್ತೇವೆ ಅನ್ನುವಲ್ಲಿ ಕೊನೆಗೆ ಸಿ-ಇ. ಅಲ್ಲಿ ಟಿ-ಎಸ್ ಬಿದ್ದರೆ ಉಡುಗೊರೆ ಕೇಳಿದ ಹಾಗಾಗುತ್ತದೆ. ಮದುವೆ ಮನೆಯವರಿಗೆ ಎಷ್ಟು ಮುಜುಗರ ಯೋಚಿಸಿ.

ಕಾಲೇಜಿನ ಆಹ್ವಾನಪತ್ರಿಕೆಯ ‘ಪ್ರಿನ್ಸಿಪಾಲ್’ ಕೊನೆಗೆ ಪಿ-ಎ-ಎಲ್. ತತ್ತ್ವ ಅನ್ನುವ ಅರ್ಥದ್ದಕ್ಕೆ ಪಿ-ಎಲ್-ಇ. ‘ಸ್ಟೇಷನರಿ’ ಅಂಗಡಿಯ ಬೋರ್ಡಿಗೆ ಇ-ಆರ್-ವೈ. ಎ-ಆರ್-ವೈ ಬಂದರೆ ‘ನಿಂತಲ್ಲೇ ನಿಂತಿರುವ’ ಎಂದರ್ಥ. ‘ಪೇಪರ್’ ಕೊನೆಯಲ್ಲಿ ಇ-ಆರ್ ಇದೆಯಲ್ಲ, ಹಾಗೆ ನೆನಪಿಡಿ. ಈ ಎರಡೂ ಒಂದೇ ಬೇರಿನವು. ಊರೂರು ತಿರುಗದೆ ಒಂದೇ ಕಡೆ ಅಂಗಡಿ ಹಾಕಿಕೊಂಡು ಪುಸ್ತಕ, ಕಾಗದ ಮಾರುತ್ತಿದ್ದವರನ್ನು ‘ಸ್ಟೇಷನರ್’ ಅನ್ನುತ್ತಿದ್ದರು.

ವರ್ಷದ ಕೊನೆಗೆ ನಿಮಗೆ ಕ್ಯಾಲೆಂಡರ್ ಆರ್ಡರ್ ಬರುತ್ತವೆ. ಕೊನೆಗೆ ಎ-ಆರ್. ಅಲ್ಲಿ ಇ-ಆರ್ ಹಾಕಿದರೂ ಕಂಪ್ಯೂಟರ್ ತುಟಿಪಿಟಕ್ಕೆನ್ನುವುದಿಲ್ಲ. ಯಾಕೆಂದರೆ ಆ ಹೆಸರಿನ ಯಂತ್ರವೊಂದಿದೆ. ಕಾಗದವನ್ನೋ ಬಟ್ಟೆಯನ್ನೋ ಉರುಳೆಗಳ ನಡುವೆ ಒತ್ತಿ ನುಣುಪು ಮಾಡುವ ಯಂತ್ರ.

ಬಿಲ್ ಬುಕ್ಕಿನ ಒಂದು ಸಾಲಿನ ಬಗ್ಗೆ ವಿಶೇಷವಾಗಿ ಎಚ್ಚರ ಹೇಳಬೇಕು. ಕೆಳಗೆ ಚಿಕ್ಕದಾಗಿ ‘ಇ ಅಂಡ್ ಓಇ’ ಅಂತ ಹಾಕುತ್ತೀರಲ್ಲ, ಅದರ ಪೂರ್ತಿ ರೂಪ ‘ಎರರ್ಸ್ ಅಂಡ್ ಒಮಿಷನ್ಸ್ ಎಕ್ಸೆಪ್ಟೆಡ್’. ಬಿಲ್ಲಿನಲ್ಲಿ ಕೈತಪ್ಪಿನಿಂದ ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಅದನ್ನು ಆಮೇಲೆ ಸರಿಪಡಿಸುವ ಹಕ್ಕು ಇಟ್ಟುಕೊಂಡಿದ್ದೇವೆ ಅನ್ನುವುದು ಅದರ ಅಭಿಪ್ರಾಯ. ಪೂರ್ತಿ ಬರೆಯಲು ಹೋಗಿ ‘ಅಕ್ಸೆಪ್ಟೆಡ್’ ಹಾಕಿದರೆ ತಪ್ಪುಗಳನ್ನು ಒಪ್ಪಿಕೊಂಡಿದ್ದೇವೆ ಅಂತ ಉಲ್ಟಾ ಅರ್ಥ ಬರುತ್ತದೆ. ಎರಡನ್ನೂ ನಮ್ಮ ಕಡೆ ಹೆಚ್ಚುಕಡಿಮೆ ಒಂದೇ ಥರ ಹೇಳುತ್ತೇವೆ. ಇ-ಎಕ್ಸ್ ಇದ್ದರೆ ಹೊರಗೆ, ಎ-ಸಿ-ಸಿ ಇದ್ದರೆ ಒಳಗೆ ಅಂತ ಗುರುತಿಟ್ಟುಕೊಳ್ಳಿ.

ಈಗ ಸ್ಪೆಲ್‌ಚೆಕ್. ಅದು ಯಾಕೆ ಸುಮ್ಮನಿತ್ತು ಅಂತ ನಿಮಗೆ ಈಗ ಹೊಳೆದಿರಬಹುದು. ಡಿಕ್ಷನರಿಯಲ್ಲಿ ಇರುವ ಪದವಾದರೆ ಅದರ ಮಟ್ಟಿಗೆ ಸರಿ. ಜಾಗ ಸರಿಯೇ ಅನ್ನುವುದನ್ನು ಹೊಸ ಸಾಫ್ಟ್‌ವೇರ್‌ಗಳು ಸ್ವಲ್ಪಮಟ್ಟಿಗೆ ಊಹಿಸುತ್ತವೆ, ಎಲ್ಲ ಸಲ ಅಲ್ಲ. ‘ಪಬ್ಲಿಕ್’ ಪದದಲ್ಲಿ ಎಲ್ ಒಂದು ಬಿದ್ದುಹೋದರೆ ಉಳಿಯುವ ಪದ ಬೋರ್ಡಿನ ಮೇಲೆ ಇರಬಾರದಂಥದ್ದು. ಆದರೆ ಅದೂ ಡಿಕ್ಷನರಿಯಲ್ಲಿದೆ.

ನಿಮ್ಮಂಥ ಅಂಗಡಿಗಳಲ್ಲಿ ಇನ್ನೂ ಮೂರು ಕಾರಣಕ್ಕೆ ಸ್ಪೆಲ್‌ಚೆಕ್ ಕೆಲಸ ಮಾಡುವುದಿಲ್ಲ. ವರ್ಡ್‌ನಲ್ಲಿ ಎಲ್ಲ ದೊಡ್ಡ ಅಕ್ಷರಗಳಲ್ಲಿ ಟೈಪ್ ಮಾಡಿದ ಪದಗಳನ್ನು ನೋಡದೆ ಬಿಡುವ ಸೆಟ್ಟಿಂಗ್ ಹಲವು ಕಂಪ್ಯೂಟರ್‌ಗಳಲ್ಲಿ ಮೊದಲಿನಿಂದಲೇ ಆನ್ ಆಗಿರುತ್ತದೆ. ನೀವು ಮಾಡುವ ಕಾರ್ಡು, ಬೋರ್ಡು, ತಲೆಬರಹಗಳಲ್ಲಿ ಬಹಳಷ್ಟು ದೊಡ್ಡ ಅಕ್ಷರಗಳೇ! ಫೈಲ್, ಆಪ್ಷನ್ಸ್, ಪ್ರೂಫಿಂಗ್‌ಗೆ ಹೋಗಿ ‘ಇಗ್ನೋರ್ ವರ್ಡ್ಸ್ ಇನ್ ಅಪ್ಪರ್‌ಕೇಸ್’ ಮುಂದಿನ ಟಿಕ್ ತೆಗೆಯಿರಿ. ಇವತ್ತೇ ಮಾಡಿ. ಎರಡನೆಯದು ಕನ್ನಡ ಟೈಪ್ ಮಾಡುವ ‘ನುಡಿ’ ಸಾಫ್ಟ್‌ವೇರಿನ ಹಳೆಯ ಫಾಂಟು. ಅದರಲ್ಲಿ ಟೈಪ್ ಮಾಡಿದ ಕನ್ನಡ ಕಂಪ್ಯೂಟರ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಥರ ಕಾಣುತ್ತದೆ. ಪುಟವೆಲ್ಲ ಕೆಂಪು ಗೆರೆ. ಕಾಟ ತಾಳಲಾರದೆ ಆಪರೇಟರ್‌ಗಳು ಸ್ಪೆಲ್‌ಚೆಕ್ಕನ್ನೇ ಆಫ್ ಮಾಡಿರುತ್ತಾರೆ. ಇಂಗ್ಲಿಷ್ ಭಾಗವನ್ನು ಮಾತ್ರ ಬೇರೆ ಫೈಲಿಗೆ ಹಾಕಿ, ಭಾಷೆಯನ್ನು ಬ್ರಿಟಿಷ್ ಅಥವಾ ಇಂಡಿಯಾ ಇಂಗ್ಲಿಷ್‌ಗೆ ಇಟ್ಟು ಪರೀಕ್ಷಿಸಿ. ಮೂರನೆಯದು ಡಿಸೈನ್ ಮಾಡುವ ಕೋರೆಲ್ ಸಾಫ್ಟ್‌ವೇರಿನಲ್ಲಿ ಅಕ್ಷರವನ್ನು ಕರ್ವ್‌ಗೆ ಬದಲಾಯಿಸುವುದು. ಆಮೇಲೆ ಅದು ಅಕ್ಷರವಲ್ಲ, ಚಿತ್ರ. ಸ್ಪೆಲಿಂಗ್ ನೋಡುವುದೆಲ್ಲ ಅದಕ್ಕೆ ಮೊದಲೇ ಮುಗಿಯಬೇಕು.

ಆ್ಯಪ್‌ಗಳನ್ನು ಬಳಸಿ, ತಪ್ಪೇನಿಲ್ಲ. ವಾಕ್ಯದಲ್ಲಿ ಪದ ಸರಿಯಾಗಿ ಕೂತಿದೆಯೇ ಅಂತ ಕೇಳಿದರೆ ಅವು ‘ಕಾಂಪ್ಲಿಮೆಂಟ್ಸ್’ ಥರದ ತಪ್ಪನ್ನು ಸಾಮಾನ್ಯವಾಗಿ ಹಿಡಿಯುತ್ತವೆ. ಆದರೆ ತಿದ್ದುವ ಅಧಿಕಾರ ಅವಕ್ಕೆ ಕೊಡಬೇಡಿ. ಇಡೀ ಮ್ಯಾಟರ್ ಹಾಕಿ ‘ಸರಿಮಾಡಿಕೊಡು’ ಅಂದರೆ ಊರಿನ ಹೆಸರು, ಮನೆತನದ ಹೆಸರು, ಮುಹೂರ್ತದ ಲಗ್ನದ ಹೆಸರನ್ನೂ ಸದ್ದಿಲ್ಲದೆ ಬದಲಾಯಿಸಿಬಿಡಬಹುದು. ಅದು ತೋರಿಸಲಿ, ತಿದ್ದುವುದು ನಿಮ್ಮ ಕೈಯಲ್ಲಿರಲಿ.

ಹೆಸರಿನ ವಿಷಯಕ್ಕೆ ಬಂದರೆ ಸ್ಪೆಲಿಂಗ್ ಜ್ಞಾನ ಯಾವುದೂ ಸಹಾಯಕ್ಕೆ ಬರುವುದಿಲ್ಲ. ಲಕ್ಷ್ಮಿಯನ್ನು ಕೆಲವರು ಕೆ-ಎಸ್-ಎಚ್ ಹಾಕಿ ಬರೆಯುತ್ತಾರೆ, ಕೆಲವರು ಎಕ್ಸ್ ಹಾಕುತ್ತಾರೆ. ಗೌಡ ಅನ್ನುವುದಕ್ಕೆ ಒಬ್ಬರದು ಡಬ್ಲ್ಯೂ, ಇನ್ನೊಬ್ಬರದು ಯು. ‘ಅಯ್ಯ’ ಅಂತ ಕೊನೆಯಾಗುವ ನಮ್ಮ ಕಡೆಯ ಹೆಸರುಗಳಿಗೆ ಎಷ್ಟು ಥರ ಇಂಗ್ಲಿಷ್ ಬಾಲಗಳಿವೆಯೋ! ಯಾರ ಹೆಸರಿಗೆ ಅವರು ಬರೆಯುವುದೇ ಸರಿ. ವರ ಮತ್ತು ವಧುವಿನ ಹೆಸರನ್ನಾದರೂ ಆಧಾರ್ ಅಥವಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ನೋಡಿಯೇ ಟೈಪ್ ಮಾಡಿ. ಮದುವೆ ನೋಂದಣಿಗೆ ಲಗ್ನಪತ್ರಿಕೆ ಕೇಳುವುದುಂಟು. ಅಲ್ಲಿ ಒಂದು ಅಕ್ಷರ ಬೇರೆಯಾದರೆ ಆ ಮಕ್ಕಳು ಕಚೇರಿಗೆ ಅಲೆಯಬೇಕಾಗುತ್ತದೆ.

ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ರಿಂದ ನಮ್ಮೂರು ಇಂಗ್ಲಿಷಿನಲ್ಲೂ ತುಮಕೂರು ಆಯಿತು. ಬೆಂಗಳೂರು, ಮೈಸೂರು ಸೇರಿ ಒಟ್ಟು 12 ಊರುಗಳ ಇಂಗ್ಲಿಷ್ ಹೆಸರು ಆಗ ಬದಲಾದವು. ವಿಳಾಸದಲ್ಲಿ ಹೊಸ ರೂಪವೇ ಸರಿ. ಆದರೆ ತುಮಕೂರು ವಿಶ್ವವಿದ್ಯಾಲಯ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಹಳೆಯ ‘ತುಮ್ಕೂರ್’ ರೂಪದಲ್ಲೇ ಬರೆಯುತ್ತದೆ. ಹಾಗಾಗಿ ಸಂಸ್ಥೆಯ ಹೆಸರಿನಲ್ಲಿ ಹಳೆಯದು, ಕೆಳಗಿನ ವಿಳಾಸದಲ್ಲಿ ಹೊಸದು ಬಂದರೆ ಅದು ತಪ್ಪಲ್ಲ. ಕಂಪ್ಯೂಟರಿನಲ್ಲಿ ‘ರಿಪ್ಲೇಸ್ ಆಲ್’ ಒತ್ತುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ. ಸಂಘ ಸಂಸ್ಥೆಗಳ ಹೆಸರನ್ನು ಅವರದೇ ಲೆಟರ್‌ಹೆಡ್ ಅಥವಾ ಸೀಲ್ ನೋಡಿ ಹಾಕಿ.

ಇನ್ನು ಗೊತ್ತಿದ್ದೂ ಕಾಣದೆ ಹೋಗುವ ತಪ್ಪು. ಓದುವಾಗ ಕಣ್ಣು ಸಾಲಿನ ಮೇಲೆ ಜಾರಿಕೊಂಡು ಹೋಗುವುದಿಲ್ಲ, ಹಾರಿ ಹಾರಿ ಹೋಗುತ್ತದೆ. ನಡುವೆ ಬಿಟ್ಟದ್ದನ್ನು ಮನಸ್ಸು ಊಹೆಯಿಂದ ತುಂಬುತ್ತದೆ. ನಾವೇ ಟೈಪ್ ಮಾಡಿದ್ದಾದರೆ ಏನಿರಬೇಕು ಅಂತ ಮೊದಲೇ ಗೊತ್ತು, ಹಾಗಾಗಿ ಇರಬೇಕಾದದ್ದೇ ಕಾಣುತ್ತದೆ. ಸಾಲಿನ ಕೊನೆಯಲ್ಲಿ ಒಂದು ‘ದಿ’, ಮುಂದಿನ ಸಾಲಿನ ಮೊದಲಿಗೆ ಇನ್ನೊಂದು ‘ದಿ’ ಬಂದದ್ದು ಎಷ್ಟು ಜನರ ಕಣ್ಣು ತಪ್ಪಿಸಿಕೊಂಡಿದೆಯೋ. ಇದು ಅಜಾಗರೂಕತೆಯಲ್ಲ. ಕಣ್ಣು ಕೆಲಸ ಮಾಡುವ ರೀತಿಯೇ ಅದು.

ಅದರ ಊಹೆಯನ್ನು ಮುರಿಯಬೇಕು. ಸ್ಕ್ರೀನ್ ಮೇಲೆ ನೋಡಬೇಡಿ, ಕಾಗದದ ಮೇಲೆ ಪ್ರಿಂಟ್ ತೆಗೆಯಿರಿ. ಸಾಲಿನ ಕೆಳಗೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಇಳಿಸಿ. ಬಿಟ್ಟ ಅಕ್ಷರಕ್ಕೆ ಹಂಸಪಾದ ಹಾಕಿ ಅಂಚಿನಲ್ಲಿ ಬರೆಯಿರಿ. ಸಾಲಿನ ಒಳಗೇ ತುರುಕಿದರೆ ತಿದ್ದುವಾಗ ತಪ್ಪಿಹೋಗುತ್ತದೆ. ಹೆಸರು ಮತ್ತು ಫೋನ್ ನಂಬರನ್ನು ಹಿಂದಿನಿಂದ ಮುಂದಕ್ಕೆ ಓದಿ. ಹಳೆಯ ಪ್ರೆಸ್ಸುಗಳಲ್ಲಿ ಇಬ್ಬರು ಕೂತು ಪ್ರೂಫ್ ನೋಡುತ್ತಿದ್ದರು. ಒಬ್ಬರು ಪಾರ್ಟಿ ಕೊಟ್ಟ ಕೈಬರಹವನ್ನು ಜೋರಾಗಿ ಓದುವುದು, ಇನ್ನೊಬ್ಬರು ಅಚ್ಚಿನ ಮೇಲೆ ಬೆರಳಿಟ್ಟು ನೋಡುವುದು. ನಿಮ್ಮಲ್ಲಿ ನೀವಿಬ್ಬರೂ ಇದ್ದೀರಿ. ಯಜಮಾನರು ಓದಲಿ, ನೀವು ನೋಡಿ. ಹೆಸರು ಬಂದಾಗ ಅವರು ಒಂದೊಂದೇ ಅಕ್ಷರ ಹೇಳಲಿ. ಕಾರ್ಡೊಂದಕ್ಕೆ ಹಿಡಿಯುವ ಸಮಯ ಬಹಳ ಇಲ್ಲ. ಇಷ್ಟನ್ನೇ ಮಾಡಿದರೂ ನಿಮ್ಮ ಅರ್ಧಕ್ಕಿಂತ ಜಾಸ್ತಿ ತೊಂದರೆ ಹೋಗುತ್ತದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಅಂಗಡಿಯನ್ನು ನಿಜವಾಗಿ ಮುಳುಗಿಸುವ ತಪ್ಪು ಸ್ಪೆಲಿಂಗ್ ಅಲ್ಲ. ತಾರೀಕು ಮತ್ತು ವಾರ ಹೊಂದದೆ ಇರುವುದು, ಕನ್ನಡದ ಕಡೆ ಒಂದು ಸಮಯ ಇಂಗ್ಲಿಷ್ ಕಡೆ ಇನ್ನೊಂದು ಸಮಯ, ಛತ್ರದ ಹೆಸರು ಹಿಂದಿನ ಪಾರ್ಟಿಯದು. ನಿನ್ನೆಯ ಕಾರ್ಡಿನ ಫೈಲನ್ನೇ ತೆಗೆದು ಅದರ ಮೇಲೆ ಇವತ್ತಿನ ಹೆಸರು ಟೈಪ್ ಮಾಡುವ ಅಭ್ಯಾಸ ಎಲ್ಲ ಕಡೆ ಇದೆ. ಹಿಂದಿನ ಮನೆಯ ತಾತನ ಹೆಸರಿನ ಮುಂದಿದ್ದ ‘ಲೇಟ್’ ಅಲ್ಲೇ ಉಳಿದು, ಬದುಕಿರುವ ಹಿರಿಯರ ಹೆಸರಿಗೆ ಅಂಟಿಕೊಂಡರೆ? ಆ ಮನೆಯವರು ಜನ್ಮದಲ್ಲಿ ನಿಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಬೈಯುವುದಕ್ಕೂ ಬರುವುದಿಲ್ಲ.

ಹಾಗಾಗಿ ನಿಮಗೆ ನನ್ನ ಮೊದಲ ಸಲಹೆ ಮಾಸ್ಟರ್ ಫೈಲ್. ಲಗ್ನಪತ್ರಿಕೆಯ ಇಂಗ್ಲಿಷ್ ಎಲ್ಲ ಮನೆಯದೂ ಹೆಚ್ಚುಕಡಿಮೆ ಅದೇ ಹತ್ತು ಹನ್ನೆರಡು ಸಾಲು. ಬಿಲ್ ಬುಕ್ಕಿನದೂ ಅಷ್ಟೇ. ಆ ಸಾಲುಗಳನ್ನು ಒಬ್ಬ ಒಳ್ಳೆಯ ಇಂಗ್ಲಿಷ್ ಮೇಷ್ಟ್ರ ಹತ್ತಿರ ಒಮ್ಮೆ ತಿದ್ದಿಸಿ. ಹೆಸರು, ತಾರೀಕು, ಛತ್ರ ಬರುವ ಕಡೆ ಖಾಲಿ ಬಿಟ್ಟು ಹಳದಿ ಬಣ್ಣ ಹಾಕಿಡಿ. ಪ್ರತಿ ಸಲ ಆ ಖಾಲಿ ಫೈಲಿನಿಂದಲೇ ಶುರುಮಾಡಿ, ನಿನ್ನೆಯ ಫೈಲಿನಿಂದ ಅಲ್ಲ. ಹಳದಿ ಉಳಿದಿದ್ದರೆ ಏನೋ ಬಿಟ್ಟಿದ್ದೀರಿ ಅಂತ ಗೊತ್ತಾಗುತ್ತದೆ. ಇದರಲ್ಲೂ ಒಂದು ಅಪಾಯವಿದೆ. ಮಾಸ್ಟರ್‌ನಲ್ಲೇ ತಪ್ಪು ಉಳಿದರೆ ಅದು ಎಲ್ಲ ಕಾರ್ಡಿಗೂ ಹೋಗುತ್ತದೆ. ಅದಕ್ಕೇ ಇಬ್ಬರ ಹತ್ತಿರ ತೋರಿಸಿ.

ಹೊರಗಿನವರಿಂದ ಪ್ರೂಫ್ ನೋಡಿಸುವುದು ಎರಡನೆಯ ದಾರಿ. ನಿವೃತ್ತ ಮೇಷ್ಟ್ರುಗಳು ಪುಟಕ್ಕಿಷ್ಟು ಅಂತ ತೆಗೆದುಕೊಂಡು ನೋಡಿಕೊಡುತ್ತಾರೆ. ಪ್ರಶ್ನೆಪತ್ರಿಕೆ, ಸ್ಮರಣ ಸಂಚಿಕೆಯಂಥ ಉದ್ದದ ಇಂಗ್ಲಿಷ್ ಕೆಲಸಕ್ಕೆ ಇದು ಬೇಕೇ ಬೇಕು. ಆದರೆ ಅವರು ಭಾಷೆ ತಿದ್ದುತ್ತಾರೆ, ಹೆಸರು ಮತ್ತು ನಂಬರ್ ಮೂಲದೊಂದಿಗೆ ತಾಳೆ ನೋಡುವುದಿಲ್ಲ. ಆ ಕೆಲಸ ನಿಮ್ಮದೇ. ಪ್ರಶ್ನೆಪತ್ರಿಕೆಯಾದರೆ ಗುಟ್ಟು ಕಾಪಾಡುವ ಹೊಣೆಯೂ ಇದೆ, ಶಾಲೆಯವರನ್ನು ಕೇಳದೆ ಯಾರ ಕೈಗೂ ಕೊಡಬೇಡಿ.

ಪಾರ್ಟಿಯ ಒಪ್ಪಿಗೆ ಮೂರನೆಯದು. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದರೆ ಬಸ್ಸಿನಲ್ಲೋ ಅಡುಗೆಮನೆಯಲ್ಲೋ ನಿಂತು ಒಂದು ಹೆಬ್ಬೆಟ್ಟಿನ ಗುರುತು ಒತ್ತಿ ಸುಮ್ಮನಾಗುತ್ತಾರೆ. ಅವರು ನೋಡಿರುವುದು ಡಿಸೈನು. ಹಾಗಾಗಿ ಚಿತ್ರದ ಜೊತೆಗೆ ಹೆಸರುಗಳು, ತಾರೀಕು, ವಾರ, ಮುಹೂರ್ತ, ಛತ್ರ, ಫೋನ್ ನಂಬರ್ ಇಷ್ಟನ್ನು ಬೇರೆಯಾಗಿ ಟೈಪ್ ಮಾಡಿ ಕಳಿಸಿ, ‘ಒಂದೊಂದಕ್ಕೂ ಸರಿ ಅಂತ ಬರೆಯಿರಿ’ ಅನ್ನಿ. ಹತ್ತಿರದವರಾದರೆ ಕಾಗದದ ಪ್ರೂಫ್ ಮೇಲೆ ಸಹಿ ಮಾಡಿಸಿಕೊಳ್ಳಿ. ಸಹಿ ಇದ್ದರೆ ಹೆಸರಿನ ತಪ್ಪಿಗೆ ಅವರು ಹೊಣೆ. ‘ಕಾಂಪ್ಲಿಮೆಂಟ್ಸ್’ ಥರದ ಭಾಷೆಯ ತಪ್ಪಿಗೆ ಆಗಲೂ ನಾವೇ ಹೊಣೆ ಹೊರಬೇಕು, ಅದನ್ನು ಪಾರ್ಟಿಯ ಮೇಲೆ ಹಾಕುವುದು ನ್ಯಾಯವಲ್ಲ. ನೀವು ನಿಮ್ಮ ಖರ್ಚಿನಲ್ಲಿ ಮತ್ತೆ ಹಾಕಿಕೊಟ್ಟದ್ದು ಸರಿಯಾದ ಕೆಲಸ.

ರೇಟಿನ ಬಗ್ಗೆಯೂ ಸ್ವಲ್ಪ ಯೋಚಿಸಿ. ಡಿಸೈನ್, ಪೇಪರ್, ಪ್ರಿಂಟಿಂಗ್ ಅಂತ ಲೆಕ್ಕ ಹಾಕುತ್ತೀರಿ, ಪ್ರೂಫ್ ನೋಡುವ ಕೆಲಸವನ್ನು ಪುಕ್ಕಟೆ ಮಾಡುತ್ತೀರಿ. ಪುಕ್ಕಟೆ ಕೆಲಸಕ್ಕೆ ಸೀಸನ್‌ನಲ್ಲಿ ಸಮಯ ಸಿಗುವುದಿಲ್ಲ, ಅಲ್ವಾ? ಕಾರ್ಡಿನ ಒಟ್ಟು ರೇಟಿನಲ್ಲಿ ಪ್ರೂಫ್‌ಗೆ ಇಷ್ಟು ಅಂತ ಸ್ವಲ್ಪ ಸೇರಿಸಿಕೊಳ್ಳಿ, ಎರಡು ಪ್ರೂಫ್ ಆದ ಮೇಲೆ ಪಾರ್ಟಿ ಮ್ಯಾಟರ್ ಬದಲಾಯಿಸಿದರೆ ಬೇರೆ ಚಾರ್ಜ್ ಅಂತ ಆರ್ಡರ್ ಫಾರಂನಲ್ಲೇ ಬರೆದಿಡಿ. ಸಂಜೆ ಬಂದ ಮ್ಯಾಟರನ್ನು ಅದೇ ರಾತ್ರಿ ಮೆಷಿನ್ನಿಗೆ ಏರಿಸುವ ಆರ್ಡರ್ ಬಂದರೆ, ಬೆಳಿಗ್ಗೆ ಒಮ್ಮೆ ಓದಿ ಕೊಡುತ್ತೇವೆ ಅನ್ನಿ. ಒಪ್ಪದಿದ್ದರೆ ಆ ಒಂದು ಕೆಲಸ ಬಿಡಿ.